ಸಂಧಾನ ಕಲಿಸೋಕೆ ಯಾವ ದಾರಿ, ಅಳೆಯೋಕೆ ಯಾವ ಕೋಲು?

ಉತ್ತರ ಕನ್ನಡದ ಕುಮಟಾ ಕಡೆಯ ಒಂದು ತರಗತಿ. ಎದುರುಬದುರು ಕೂತ ಇಬ್ಬರು ಹುಡುಗರ ಕೈಯಲ್ಲಿ ಒಂದೊಂದು ಚೀಟಿ. ಒಬ್ಬ ಗಜನಿಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಕಡೆಯ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ರೈತ. ಇನ್ನೊಬ್ಬ ಅದೇ ಗಜನಿಯಲ್ಲಿ ಸಿಗಡಿ ಬಿಡಬೇಕು ಅಂತ ಬಂದ ಗುತ್ತಿಗೆದಾರ. ಜಗಳ ಇರುವುದು ಬಂಡಿನ, ಅಂದರೆ ಗದ್ದೆಯ ಒಡ್ಡಿನ, ಬಾಗಿಲ ಮೇಲೆ. ತೆಗೆದರೆ ಅಘನಾಶಿನಿಯ ಉಪ್ಪುನೀರು ಒಳಗೆ ಬರುತ್ತದೆ, ಮುಚ್ಚಿದರೆ ಇಲ್ಲ. ನಲವತ್ತು ನಿಮಿಷ ಕೊಟ್ಟಿದ್ದೆ. ಏಳೇ ನಿಮಿಷಕ್ಕೆ ಇಬ್ಬರೂ ನಗುತ್ತಾ ಎದ್ದು ಬಂದರು.

"ಮುಗೀತು ಸರ್. ಅರ್ಧರ್ಧ ಮಾಡ್ಕೊಂಡ್ವಿ. ಜನವರಿಯಿಂದ ಜೂನ್ ಅವನಿಗೆ, ಜುಲೈಯಿಂದ ಡಿಸೆಂಬರ್ ನಂಗೆ" ಅಂದ ಗುತ್ತಿಗೆದಾರ.

ನನ್ನ ಮಾರ್ಕಿನ ಹಾಳೆಯಲ್ಲಿ 'ಒಪ್ಪಂದಕ್ಕೆ ಬಂದರೆ 10' ಅಂತಿತ್ತು. ಕೊಟ್ಟೆ. ಇಬ್ಬರಿಗೂ ಹತ್ತಕ್ಕೆ ಹತ್ತು.

ಗಜನಿ ಕಂಡವರಿಗೆ ಇಷ್ಟು ಹೊತ್ತಿಗೆ ನಗು ಬಂದಿರುತ್ತದೆ. ಕಗ್ಗ ಬೆಳೆಯುವುದು ಮಳೆಗಾಲದಲ್ಲಿ. ಮಳೆನೀರು ಮಣ್ಣಿನ ಉಪ್ಪು ತೊಳೆಯಬೇಕು, ಆಮೇಲೆ ಪೈರು ಏಳಬೇಕು. ಮಳೆ ಮುಗಿದು ಕೊಯ್ಲಾದ ಮೇಲೆ ಗದ್ದೆಗೆ ಉಪ್ಪುನೀರು ಬಂದರೆ ಯಾರಿಗೂ ತೊಂದರೆ ಇಲ್ಲ. ಹಿಂದಿನಿಂದಲೂ ಅಲ್ಲಿ ಮಳೆಗಾಲಕ್ಕೆ ಭತ್ತ, ಆಮೇಲೆ ಮೀನು ಮತ್ತು ಸಿಗಡಿ. ಈ ಹುಡುಗರು ಸರಿಯಾಗಿ ಉಲ್ಟಾ ಹಂಚಿಕೊಂಡಿದ್ದರು. ರೈತನಿಗೆ ಬೇಸಿಗೆಯ ಉಪ್ಪು ಗದ್ದೆ, ಸಿಗಡಿಯವನಿಗೆ ಮಳೆಗಾಲದ ನೆರೆ.

ಪಕ್ಕದ ಬೆಂಚಿನ ಜೋಡಿ ನಲವತ್ತು ನಿಮಿಷ ಮಾತಾಡಿಯೂ ಒಪ್ಪಂದಕ್ಕೆ ಬರಲಿಲ್ಲ. ಅವರಲ್ಲಿ ರೈತನ ಪಾತ್ರದ ಹುಡುಗಿ ಒಂದು ಪ್ರಶ್ನೆ ಕೇಳಿದ್ದಳು: "ನಿಮಗೆ ವರ್ಷವಿಡೀ ನೀರು ಬೇಕಾ, ಇಲ್ಲಾ ಮರಿ ಬಿಟ್ಟ ಮೇಲೆ ಇಷ್ಟು ತಿಂಗಳು ಅಂತ ಸಾಕಾ?" ಇಡೀ ತರಗತಿಯಲ್ಲಿ ಬೀಗದ ಕೈ ಹುಡುಕಿದವಳು ಅವಳೊಬ್ಬಳೇ. ಅವಳಿಗೆ ನಾನು ಕೊಟ್ಟದ್ದು ಸೊನ್ನೆ.

ಅವತ್ತಿನಿಂದ ಯಾರಾದರೂ "ಸಂಧಾನದ ತರಬೇತಿ ಮಾಡಬೇಕು, ಯಾವ ಪದ್ಧತಿ ಒಳ್ಳೇದು?" ಅಂತ ಕೇಳಿದರೆ ಮೊದಲು ಒಂದು ಮಾತು ಹೇಳುತ್ತೇನೆ. ಅಳೆಯೋದು ಹೇಗೆ ಅಂತ ಮೊದಲು ನಿರ್ಧರಿಸಿ, ಕಲಿಸೋದನ್ನು ಆಮೇಲೆ ನೋಡೋಣ. ನೀವು ಯಾವುದಕ್ಕೆ ಮಾರ್ಕು ಕೊಡುತ್ತೀರೋ ಅದನ್ನೇ ಅವರು ಕಲಿಯುತ್ತಾರೆ. ಆದರೂ ಓದೋಕೆ ಸುಲಭವಾಗಲಿ ಅಂತ ಇಲ್ಲಿ ಕಲಿಸುವ ದಾರಿಗಳನ್ನೇ ಮೊದಲು ಇಟ್ಟಿದ್ದೇನೆ.

ಮೊದಲು, ಕಲಿಸೋದು ಏನನ್ನು?

ನಮ್ಮಲ್ಲಿ ಇದಕ್ಕೆ ನಾಲ್ಕೈದು ಪದ ಇವೆ. ಎಲ್ಲವನ್ನೂ ಕಲಸಿಬಿಡುತ್ತೇವೆ. ಚೌಕಾಸಿ ಅಂದರೆ ಒಂದೇ ವಿಷಯ, ಸಾಮಾನ್ಯವಾಗಿ ದರ. ನಿನಗೆ ಹತ್ತು ರೂಪಾಯಿ ಜಾಸ್ತಿ ಆದರೆ ನನಗೆ ಹತ್ತು ಕಡಿಮೆ. ಸಂಧಾನದಲ್ಲಿ ವಿಷಯ ಹಲವು, ಹಾಗಾಗಿ ಕೊಟ್ಟು ತಗೊಳ್ಳೋಕೆ ಜಾಗ ಇರುತ್ತದೆ. ಮಧ್ಯಸ್ಥಿಕೆಯಲ್ಲಿ ಮೂರನೆಯವರು ಇರುತ್ತಾರೆ, ಆದರೆ ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಪಂಚಾಯ್ತಿಕೆಯಲ್ಲಿ ಮೂರನೆಯವರು ತೀರ್ಪನ್ನೇ ಕೊಟ್ಟುಬಿಡುತ್ತಾರೆ.

ಶಿರಸಿ ಕಡೆಯ ಅಡಿಕೆ ಬೆಳೆಗಾರ ಮರದ ಮೇಲಿನ ಫಸಲನ್ನು ಗುತ್ತಿಗೆಗೆ ಕೊಡುವಾಗ ಬೇಕಾದದ್ದು ಚೌಕಾಸಿ, ಜೊತೆಗೆ ಬೇಡ ಅಂತ ಎದ್ದು ಬರುವ ಧೈರ್ಯ. ಸ್ವಸಹಾಯ ಸಂಘದ ಅಧ್ಯಕ್ಷೆಗೆ, ಕಂತು ಕಟ್ಟದ ಸದಸ್ಯೆ ಮತ್ತು ಸಿಟ್ಟಾದ ಉಳಿದವರ ನಡುವೆ ಕೂರುವಾಗ, ಬೇಕಾದದ್ದು ಮಧ್ಯಸ್ಥಿಕೆ. ಇಬ್ಬರಿಗೂ ಒಂದೇ ದಿನದ ಒಂದೇ ಪಾಠ ಮಾಡಿದರೆ ಇಬ್ಬರಿಗೂ ಉಪಯೋಗವಿಲ್ಲ. ಬಂದವರು ಮುಂದಿನ ತಿಂಗಳು ಯಾರ ಎದುರು ಕೂರುತ್ತಾರೆ ಅಂತ ಕೇಳಿಕೊಂಡು ಶುರುಮಾಡಿ.

ಪಾಠ ಮಾಡಿ ಕಲಿಸೋದು

ಅಗ್ಗ, ಸುಲಭ, ನೂರು ಜನರಿಗೂ ಆಗುತ್ತದೆ. ಒಂದು ಗಂಟೆಗಿಂತ ಜಾಸ್ತಿ ಬೇಡ.

ಆ ಒಂದು ಗಂಟೆಯಲ್ಲಿ ಏನು ಹೇಳಬೇಕು ಅಂದರೆ, ಹಾರ್ವರ್ಡ್‌ನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಮುಂದಿಟ್ಟ ನಾಲ್ಕು ವಿಚಾರ ಸಾಕು. ಮನುಷ್ಯ ಬೇರೆ, ಸಮಸ್ಯೆ ಬೇರೆ. ಬಾಯಲ್ಲಿ ಕೇಳೋದು ಬೇರೆ, ನಿಜವಾಗಿ ಬೇಕಾದದ್ದು ಬೇರೆ. ತೀರ್ಮಾನಕ್ಕೆ ಮುಂಚೆ ನಾಲ್ಕಾರು ದಾರಿ ಹುಡುಕಿ. ಇಬ್ಬರೂ ಒಪ್ಪುವ ಅಳತೆಗೋಲು ಇಟ್ಟುಕೊಳ್ಳಿ. ಇವುಗಳ ಜೊತೆ ಅವರು ಕೊಟ್ಟ ಇನ್ನೊಂದು ವಿಚಾರ ಬಾಟ್ನಾ. ಈ ಮಾತು ಮುರಿದುಬಿದ್ದರೆ ನನ್ನ ಕೈಯಲ್ಲಿ ಉಳಿಯುವ ದಾರಿಗಳಲ್ಲಿ ಒಳ್ಳೆಯದು ಯಾವುದು ಅನ್ನೋದು ಅದು.

ಬಾಟ್ನಾ ಅಂದರೆ ಘಟ್ಟದ ಮೇಲಿನವರಿಗೆ ವಿವರಿಸಿ ಹೇಳೋದೇ ಬೇಡ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಶಿರಸಿಯ ತೋಟಗಾರ್ಸ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಇಂಥ ಸೊಸೈಟಿಗಳ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ ಅನ್ನುವ ಬಗೆಬಗೆಯ ಅಡಿಕೆ ಚೀಲಗಳಿಗೆ ವ್ಯಾಪಾರಿಗಳು ಟೆಂಡರಿನಲ್ಲಿ ದರ ಬರೆಯುತ್ತಾರೆ. ಅಲ್ಲಿ ಬಾಯಿಮಾತಿನ ಚೌಕಾಸಿ ಇಲ್ಲ. ಆದರೂ ರೈತನಿಗೆ ಬಲ ಇದೆ. ದರ ಹಿಡಿಸಲಿಲ್ಲ ಅಂದರೆ ಮಾಲು ಅಲ್ಲೇ ಇಟ್ಟು, ಅದರ ಮೇಲೆ ಸಾಲ ತಗೊಂಡು ಮನೆಗೆ ಬರಬಹುದು. ನಾಳೆ ಮಗಳ ಫೀಸು ಕಟ್ಟಬೇಕು, ಆದರೂ ಇವತ್ತೇ ಮಾರಬೇಕಾಗಿಲ್ಲ. ಆ ಸಾಲದ ಚೀಟಿಯೇ ಬಾಟ್ನಾ. ಇಷ್ಟು ಹೇಳಿದರೆ ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಾರೆ.

ಆದರೆ ತಲೆಯಾಡಿಸಿದವರಿಗೆ ಮಾಡೋಕೂ ಬರುತ್ತದೆ ಅಂತ ತಿಳಿಯಬೇಡಿ. ಈಜು ಪಾಠ ಕೇಳಿದವನನ್ನು ಕಾಳಿ ನದಿಗೆ ಇಳಿಸಿದ ಹಾಗೆ ಆದೀತು.

ನೋಡಿ ಕಲಿಯೋದು

ಇದು ಎಲ್ಲರೂ ಹಗುರ ಮಾಡುವ ದಾರಿ. ನನಗಂತೂ ಇದರ ಮೇಲೆ ಗೌರವ ಜಾಸ್ತಿ.

2003ರಲ್ಲಿ ಜಾನಿಸ್ ನ್ಯಾಡ್ಲರ್, ಲೀ ಥಾಂಪ್ಸನ್, ಲೀಫ್ ವ್ಯಾನ್ ಬೊವೆನ್ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ತತ್ವಗಳನ್ನು ಪಾಠದ ಹಾಗೆ ಕೊಟ್ಟರು. ಕೆಲವರಿಗೆ ಎದುರಿನವರ ಗುಟ್ಟಿನ ಚೀಟಿ ತೋರಿಸಿದರು. ಕೆಲವರು ಕಥೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಕೆಲವರು ನುರಿತವರ ಸಂಧಾನವನ್ನು ಸುಮ್ನೆ ನೋಡಿದರು. ಮುಂದಿನ ಸಂಧಾನದಲ್ಲಿ ಎಲ್ಲರಿಗಿಂತ ಜಾಸ್ತಿ ಸುಧಾರಿಸಿದ್ದು ನೋಡಿದವರು. ಆದರೆ 'ನೀವು ಕಲಿತದ್ದೇನು?' ಅಂತ ಕೇಳಿದರೆ ವಿವರಿಸೋಕೆ ಅವರಿಗೇ ಎಲ್ಲರಿಗಿಂತ ಕಷ್ಟ ಆಯಿತು.

ಈ ಮಾತನ್ನು ಮಡಚಿ ಜೇಬಲ್ಲಿ ಇಟ್ಟುಕೊಳ್ಳಿ, ಪರೀಕ್ಷೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಮ್ಮಲ್ಲಿ ನೋಡೋಕೆ ಜಾಗಕ್ಕೆ ಬರವಿಲ್ಲ. ಕಾರವಾರದ ಬೈತಖೋಲ್ ಬಂದರಿಗೆ ಹೋದರೆ ಹರಾಜು ಸಿಗುತ್ತದೆ. ಹರಾಜಿನಲ್ಲಿ ಕೊಳ್ಳುವವರು ಕೊಳ್ಳುವವರ ಜೊತೆ ಸ್ಪರ್ಧಿಸುತ್ತಾರೆ, ಅದು ಬೇರೆ ಕಲೆ. ನೀವು ಹೋಗಬೇಕಾದ್ದು ಮೀನು ಪೇಟೆಗೆ, ಹೆಂಗಸರು ಬುಟ್ಟಿ ಇಟ್ಟು ಕೂರುವಲ್ಲಿಗೆ. ಒಂದು ಪಾಲು ಬಂಗಡೆಗೆ ಆಕೆ ಇನ್ನೂರು ಹೇಳುತ್ತಾಳೆ ಅಂತಿಟ್ಟುಕೊಳ್ಳಿ. ಗಿರಾಕಿ ನೂರೈವತ್ತು ಅನ್ನುತ್ತಾನೆ. ನುರಿತವಳು ನೂರೆಂಬತ್ತು ಅನ್ನೋದಿಲ್ಲ. ಮಾತೇ ಆಡದೆ ಬುಟ್ಟಿಯಿಂದ ಇನ್ನೆರಡು ಮೀನು ತೆಗೆದು ಪಾಲಿನ ಮೇಲೆ ಹಾಕುತ್ತಾಳೆ. ಆತ ಇನ್ನೂ ಅನುಮಾನಿಸಿದರೆ "ಹಚ್ಚಿ ಕೊಡ್ತೆ, ತಕ್ಕೊಂಡ್ ಹೋಗಿ" ಅನ್ನುತ್ತಾಳೆ. ದರ ಇನ್ನೂರೇ ಉಳಿಯಿತು. ಅವಳಿಗೆ ಎರಡು ಬಂಗಡೆ ಮತ್ತು ಐದು ನಿಮಿಷದ ಕೆಲಸ ದೊಡ್ಡದಲ್ಲ. ಅವನಿಗೆ ಮನೆಗೆ ಹೋಗಿ ಮೀನು ಹಚ್ಚುವ, ಅಂದರೆ ಕೊಯ್ದು ಸ್ವಚ್ಛ ಮಾಡುವ, ತಾಪತ್ರಯ ತಪ್ಪಿದ್ದು ದೊಡ್ಡದು. ದರದ ಜಗಳವನ್ನು ದರದಿಂದ ಆಚೆ ತಂದುಬಿಟ್ಟಳು. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸೋಕೆ ನನಗೆ ಅರ್ಧ ಗಂಟೆ ಬೇಕು.

ಒಂದು ಎಚ್ಚರಿಕೆ. ನಾನೊಮ್ಮೆ ವಿದ್ಯಾರ್ಥಿಗಳನ್ನು ಪೇಟೆಗೆ ಕಳಿಸಿ "ಎಷ್ಟು ಇಳಿಸ್ತೀರೋ ನೋಡೋಣ" ಅಂದಿದ್ದೆ. ಒಬ್ಬಾಕೆ ಅವರನ್ನು ನೋಡಿ, "ತಕ್ಕೊಳ್ಳೂದಿಲ್ಲ ಅಂದ್ರೆ ಹೊತ್ತು ಯಾಕೆ ಹಾಳ್ ಮಾಡ್ತ್ರಿ? ಐಸು ಕರಗ್ತೀತು" ಅಂದರಂತೆ. ಅವರ ಹೊಟ್ಟೆಪಾಡು ನಮ್ಮ ಪ್ರಯೋಗಶಾಲೆ ಅಲ್ಲ. ನೋಡೋಕೆ ಹೋಗಿ, ಕೊಳ್ಳೋದಿದ್ದರೆ ಮಾತ್ರ ಬಾಯಿ ಬಿಡಿ.

ಲೋಕ ಅದಾಲತ್ ನೋಡೋಕೂ ಕರೆದುಕೊಂಡು ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆ ಪ್ರಕಾರ ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಆದರೆ ಅಲ್ಲಿ ಕಾಣೋದು ಹೆಚ್ಚಾಗಿ ಮೊತ್ತದ ಮೇಲಿನ ಎಳೆದಾಟ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದೊಳಗೆ ನಡೆಯೋದು ಗುಟ್ಟಿನ ಮಾತು, ಅಲ್ಲಿಗೆ ಪ್ರೇಕ್ಷಕರಿಗೆ ಪ್ರವೇಶ ಇರೋದಿಲ್ಲ. ಅದು ಸರಿಯೂ ಹೌದು.

ಎರಡು ಕಥೆ ಪಕ್ಕಪಕ್ಕ

ಒಂದು ಕಥೆ ಹೇಳಿದರೆ ಕೇಳುವವರಿಗೆ ಕಥೆ ನೆನಪಿರುತ್ತದೆ. ಎರಡು ಕಥೆ ಕೊಟ್ಟು 'ಇವೆರಡರಲ್ಲಿ ಒಂದೇ ತರಹದ್ದು ಏನು?' ಅಂತ ಕೇಳಿದರೆ ಒಳಗಿನ ಎಳೆ ಕಾಣುತ್ತದೆ. ಮೇಲಿನ ಅಧ್ಯಯನದಲ್ಲೂ ಹೋಲಿಸಿ ಓದಿದವರು ಬರೀ ಅನುಭವದಿಂದ ಕಲಿತವರಿಗಿಂತ ಮುಂದಿದ್ದರು.

ಗಜನಿ ಬಾಗಿಲಿನ ಕಥೆಯ ಪಕ್ಕ ನಾನು ಇಡೋದು ಸೊಪ್ಪಿನಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಕಥೆ. ಅಕ್ಕಪಕ್ಕದ ಎರಡು ತೋಟದವರು, ನಡುವೆ ಒಂದು ಬೆಟ್ಟ. ಇಬ್ಬರಿಗೂ ಬೆಟ್ಟವೇ ಬೇಕು. ಕೇಳುತ್ತಾ ಹೋದರೆ ಒಬ್ಬರಿಗೆ ಬೇಕಾದದ್ದು ಹಸಿಸೊಪ್ಪು, ಇನ್ನೊಬ್ಬರಿಗೆ ಬೇಸಿಗೆಯ ದರಕು, ಅಂದರೆ ಒಣಗಿ ಉದುರಿದ ಎಲೆ. ಗಜನಿಯಲ್ಲಿ ತಿಂಗಳು ಬೇರೆ, ಬೆಟ್ಟದಲ್ಲಿ ಎಲೆ ಬೇರೆ. ಎಳೆ ಒಂದೇ: ಜಾಗ ಒಂದೇ ಆದರೂ ಬೇಕಾದದ್ದು ಒಂದೇ ಅಲ್ಲ. ಇದನ್ನು ನಾನು ಹೇಳೋದಿಲ್ಲ, ಅವರೇ ಹೇಳುವ ತನಕ ಕಾಯುತ್ತೇನೆ. ಕೆಲವು ಸಲ ಇಪ್ಪತ್ತು ನಿಮಿಷ ಆಗುತ್ತದೆ.

ಖರ್ಚು ಎರಡು ಹಾಳೆ ಜೆರಾಕ್ಸ್. ಸಮಯ ಕಡಿಮೆ, ಜನ ಜಾಸ್ತಿ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಪಾತ್ರ ಹಾಕಿ ಆಡೋದು

ಎಲ್ಲರಿಗೂ ಇಷ್ಟವಾಗೋದು ಇದು. ಕೆಡೋದೂ ಇದೇ ಜಾಸ್ತಿ.

ಇಡೀ ಆಟ ನಿಂತಿರೋದು ಗುಟ್ಟಿನ ಚೀಟಿಯ ಮೇಲೆ. 'ನೀನು ರೈತ, ನೀನು ಗುತ್ತಿಗೆದಾರ, ಮಾತಾಡಿ' ಅಂದರೆ ನಾಟಕ ಆಗುತ್ತದೆ, ಒಬ್ಬರ ಮೇಲೊಬ್ಬರು ಕೂಗಾಡುತ್ತಾರೆ, ಉಳಿದವರು ನಗುತ್ತಾರೆ. ನನ್ನ ಗಜನಿ ಆಟದ ಗುತ್ತಿಗೆದಾರನ ಚೀಟಿಯಲ್ಲಿ ಈಗ ಹೀಗಿದೆ: 'ವರ್ಷವಿಡೀ ಬಾಗಿಲು ನಿನ್ನ ಕೈಯಲ್ಲಿರಬೇಕು ಅಂತ ಕೇಳು. ನಿಜವಾಗಿ ನಿನಗೆ ಡಿಸೆಂಬರ್‌ನಿಂದ ಮೇ ಸಾಕು. ವರ್ಷವಿಡೀ ಅಂತ ಕೇಳೋದು ಯಾಕೆಂದರೆ, ಮಳೆಗಾಲದಲ್ಲಿ ಬಂಡು ಒಡೆದರೆ ರಿಪೇರಿ ಖರ್ಚು ನಿನ್ನ ತಲೆಗೆ ಬರುತ್ತದೆ ಅನ್ನುವ ಹೆದರಿಕೆ. ಎದುರಿನವರು ಕೇಳಿದರೆ ಮಾತ್ರ ಇದನ್ನು ಹೇಳು.' ರೈತನ ಚೀಟಿಯಲ್ಲಿ ಬಂಡು ಕಾಯೋಕೆ ಮನೆಯವರೇ ಇದ್ದಾರೆ ಅನ್ನೋದು ಇದೆ. ಮೂರನೆಯ ಚೀಟಿ ಪಕ್ಕದ ಮನೆಯಾಕೆಯದು. ಅವಳಿಗೆ ಗಜನಿಯೂ ಬೇಡ, ಸಿಗಡಿಯೂ ಬೇಡ, ಬಾವಿನೀರು ಉಪ್ಪಾಗದಿದ್ದರೆ ಸಾಕು. ಅವಳನ್ನು ಮಾತಿಗೆ ಕರೆಯುತ್ತಾರೋ ಇಲ್ಲವೋ ಅನ್ನೋದು ಆಟದೊಳಗಿನ ಇನ್ನೊಂದು ಪರೀಕ್ಷೆ. ಹೆಚ್ಚಿನ ಸಲ ಕರೆಯೋದಿಲ್ಲ.

ವರ್ಷದಲ್ಲಿ ಒಂದಾದರೂ ಆಟದಲ್ಲಿ ಒಪ್ಪಂದ ಆಗಬಾರದ ಚೀಟಿ ಹಾಕಿ. ಕೊಳ್ಳುವವನು ಎಷ್ಟು ಏರಿಸಿದರೂ ಸೊಸೈಟಿಯಲ್ಲಿ ಇಟ್ಟು ಕಾಯೋದೇ ಲಾಭ ಅನ್ನುವಂಥ ಲೆಕ್ಕ ಇರಲಿ. 'ಬೇಡ, ಬರ್ತೇನೆ' ಅಂದು ಎದ್ದವರಿಗೆ ಪೂರ್ತಿ ಮಾರ್ಕು.

ಆಟಕ್ಕಿಂತ ಆಮೇಲಿನ ಮಾತು ಉದ್ದ ಇರಬೇಕು. ನಲವತ್ತು ನಿಮಿಷ ಆಡಿದರೆ ಒಂದು ಗಂಟೆ ಮಾತಾಡಿ. ಇಬ್ಬರೂ ಚೀಟಿ ಅದಲು ಬದಲು ಮಾಡಿಕೊಂಡು ಓದುವ ಗಳಿಗೆ ಇದೆಯಲ್ಲ, "ಅಯ್ಯೋ, ನಿಂಗೆ ಮೇ ತನಕ ಮಾತ್ರ ಸಾಕಿತ್ತಾ!" ಅನ್ನೋದು, ಅಲ್ಲೇ ನಿಜವಾದ ಪಾಠ ಆಗುತ್ತದೆ. ಸಮಯ ಇಲ್ಲ ಅಂತ ಇದನ್ನು ಬಿಡೋದಾದರೆ ಆಟವನ್ನೇ ಬಿಟ್ಟುಬಿಡಿ.

ಭಾಷೆಯ ಬಗ್ಗೆಯೂ ಹೇಳಬೇಕು. ಕಾರವಾರದ ಮಕ್ಕಳು ಕೊಂಕಣಿಯಲ್ಲಿ ಮಾತಾಡಲಿ, ಶಿರಸಿಯವರು ಮನೆಮಾತಿನಲ್ಲೇ ಮಾತಾಡಲಿ. ಪುಸ್ತಕದ ಕನ್ನಡ ಅಥವಾ ಅರೆಬರೆ ಇಂಗ್ಲಿಷಿನಲ್ಲೇ ಆಗಬೇಕು ಅಂದರೆ ನೀವು ಭಾಷೆ ಅಳೆಯುತ್ತೀರಿ, ಸಂಧಾನ ಅಳೆಯೋದಿಲ್ಲ. ಆ ಭಾಷೆ ನಿಮಗೆ ಬರದಿದ್ದರೆ ಬರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ತಾಳಮದ್ದಳೆ ಆದೀತಾ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದೆ ಇರೋದಿಲ್ಲ. 'ಕೃಷ್ಣ ಸಂಧಾನ' ಪ್ರಸಂಗ ಇದ್ದಾಗ ಬೇರೆ ಕೋರ್ಸ್ ಯಾಕೆ, ಅಲ್ವಾ?

ನನ್ನ ಉತ್ತರ: ಅರ್ಧ ಹೌದು. ಕೂತಲ್ಲೇ ಪಾತ್ರದ ಮಾತಾಡುವ ಅರ್ಥಧಾರಿಗೆ ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವರ ಕೊನೆಯ ಮಾತು ಕಿವಿಗೆ ಬೀಳದಿದ್ದರೆ ತನ್ನ ಮಾತು ಏಳೋದಿಲ್ಲ. ಅಷ್ಟು ಗಮನವಿಟ್ಟು ಕೇಳೋದನ್ನು ಯಾವ ತರಬೇತಿಯೂ ಸುಲಭಕ್ಕೆ ಕಲಿಸೋದಿಲ್ಲ. ಇವತ್ತು ಕೃಷ್ಣನ ಅರ್ಥ ಹೇಳಿದವರು ಮುಂದಿನ ಕೂಟದಲ್ಲಿ ಕೌರವನ ಅರ್ಥ ಹೇಳಬಹುದು. ಎರಡೂ ಕಡೆಯಿಂದ ಒಂದೇ ಜಗಳವನ್ನು ಕಂಡ ಹಾಗಾಯಿತು. ಇದನ್ನು ಕದ್ದು ತನ್ನಿ. ನಿಮ್ಮ ಆಟದಲ್ಲೂ ಎರಡನೇ ಸುತ್ತಿಗೆ ಪಾತ್ರ ಬದಲಿಸಿ.

ಉಳಿದರ್ಧ ತೊಡಕಿನದು. ತಾಳಮದ್ದಳೆಯಲ್ಲಿ ಚಪ್ಪಾಳೆ ಬೀಳೋದು ಎದುರಿನವರ ಬಾಯಿ ಕಟ್ಟಿಸಿದಾಗ. ಅಲ್ಲದೆ ಸಂಧಾನ ಮುರಿಯಲೇಬೇಕು, ಇಲ್ಲದಿದ್ದರೆ ಮುಂದೆ ಯುದ್ಧದ ಪ್ರಸಂಗ ಎಲ್ಲಿಂದ ಬರುತ್ತದೆ? ಐದು ಗ್ರಾಮಕ್ಕೆ ಇಳಿದ ಮೇಲೂ ಸೂಜಿಮೊನೆಯಷ್ಟೂ ಇಲ್ಲ ಅಂದ ಕೌರವ ವಾದದಲ್ಲಿ ಸೋಲೋದಿಲ್ಲ. ಅವನು ಸೋತದ್ದು ಲೆಕ್ಕದಲ್ಲಿ, ತನ್ನ ಬಾಟ್ನಾ ಅಂದರೆ ಯುದ್ಧ ತನಗೇ ಲಾಭ ಅಂದುಕೊಂಡದ್ದರಲ್ಲಿ. ಭೀಷ್ಮ, ದ್ರೋಣ, ಕರ್ಣರನ್ನು ಎಣಿಸಿದ, ಅವರಲ್ಲಿ ಯಾರು ಎಷ್ಟು ಮನಸ್ಸಿಟ್ಟು ಹೊಡೆದಾಡುತ್ತಾರೆ ಅಂತ ಎಣಿಸಲಿಲ್ಲ. ಪ್ರಸಂಗ ನೋಡಿದ ಮರುದಿನ ಇದನ್ನು ಚರ್ಚೆಗೆ ಇಟ್ಟರೆ ಒಳ್ಳೆಯ ತರಗತಿ ಆಗುತ್ತದೆ. ಆದರೆ ವಾದ ಮಾಡುವವರನ್ನು ತಯಾರು ಮಾಡಿ 'ಸಂಧಾನ ಕಲಿಸಿದೆ' ಅನ್ನಬೇಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಕಡೆ ಮಾತು ಬಲ್ಲವರ ಮನೆಯ ಪಾಲಿನ ಕೇಸುಗಳೇ ಕೋರ್ಟಿನಲ್ಲಿ ಜಾಸ್ತಿ ವರ್ಷ ನಡೆಯೋದು ಅಂತ ನನ್ನ ಗುಮಾನಿ.

ಮೊಬೈಲಿನ ಚಾಟ್‌ಬಾಟ್ ಜೊತೆ ಅಭ್ಯಾಸ ಮಾಡಬಹುದಾ ಅಂತ ಈಗ ಹುಡುಗರು ಕೇಳುತ್ತಾರೆ. ಮಾಡಲಿ. ತಯಾರಿಗೆ ಒಳ್ಳೇದು. ಆದರೆ ಅದು ತೀರಾ ಸಭ್ಯ. ಅಡಿಕೆ ಗುತ್ತಿಗೆದಾರನ ಹಾಗೆ ಹತ್ತು ನಿಮಿಷ ಸುಮ್ನೆ ಕೂತು ತೋಟ ನೋಡೋದಿಲ್ಲ.

ಅಳೆಯೋ ಕೋಲುಗಳು

ಲಿಖಿತ ಪರೀಕ್ಷೆಯಿಂದ ಶುರುಮಾಡೋಣ. 'ಬಾಟ್ನಾ ಎಂದರೇನು? ವಿವರಿಸಿ' ಅಂತ ಹತ್ತು ಮಾರ್ಕಿಗೆ ಕೇಳಬಹುದು. ತಿದ್ದೋದು ಸುಲಭ, ತಕರಾರು ಬಂದರೆ ಉತ್ತರಪತ್ರಿಕೆ ತೋರಿಸಬಹುದು. ಈಗ ಜೇಬಿನಲ್ಲಿಟ್ಟ ಮಾತು ತೆಗೆಯಿರಿ. ಚೆನ್ನಾಗಿ ಮಾಡಿದವರಿಗೇ ವಿವರಿಸೋಕೆ ಬರಲಿಲ್ಲ. ಅಂದರೆ ಲಿಖಿತ ಪರೀಕ್ಷೆಯೊಂದನ್ನೇ ಇಟ್ಟರೆ ಮೀನು ಪೇಟೆಯ ಆ ಹೆಂಗಸು ಫೇಲು. ಅವಳನ್ನು ಫೇಲು ಮಾಡುವ ಪರೀಕ್ಷೆಯಲ್ಲಿ ಏನೋ ಐಬು ಇದೆ. ವಿಶ್ವವಿದ್ಯಾಲಯದ ನಿಯಮಕ್ಕೆ ಬೇಕೇಬೇಕು ಅಂದರೆ ಇಟ್ಟುಕೊಳ್ಳಿ. ಆದರೆ ವ್ಯಾಖ್ಯೆ ಕೇಳಬೇಡಿ. ಒಂದು ಜಗಳ ಬರೆದು ಕೊಟ್ಟು, 'ನಾಳೆ ಬೆಳಿಗ್ಗೆ ಇವರ ಜೊತೆ ಕೂರಬೇಕು. ಕೇಳಬೇಕಾದ ಐದು ಪ್ರಶ್ನೆ ಬರೆಯಿರಿ' ಅಂತ ಕೇಳಿ. ಅಷ್ಟಾದರೂ ಕೆಲಸಕ್ಕೆ ಬರುತ್ತದೆ.

ಎರಡನೆಯದು ಫಲಿತಾಂಶ. ಆಟದಲ್ಲಿ ಯಾರು ಎಷ್ಟು ಗಿಟ್ಟಿಸಿದರು ಅಂತ ಅಂಕಿ ಲೆಕ್ಕ. ನನ್ನ ಹಳೆಯ ತಪ್ಪು ಇಲ್ಲೇ ಆದದ್ದು. ಚೌಕಾಸಿಯ ಆಟಕ್ಕೆ ಇದು ಸರಿ. ಸಂಧಾನದ ಆಟಕ್ಕಾದರೆ ಇಬ್ಬರ ಲಾಭವನ್ನೂ ಕೂಡಿಸಿ ನೋಡಬೇಕು. ಅಷ್ಟು ಮಾಡಿದರೂ ಎದುರಿನವರು ದಡ್ಡರಾಗಿದ್ದರೆ ನಿಮ್ಮ ಮಾರ್ಕು ಏರುತ್ತದೆ, ಗಟ್ಟಿಗರಾಗಿದ್ದರೆ ಇಳಿಯುತ್ತದೆ. ಮೂರು ಬೇರೆ ಬೇರೆ ಜೋಡಿಯ ಜೊತೆ ಆಡಿಸದೆ ಫಲಿತಾಂಶಕ್ಕೆ ದೊಡ್ಡ ಮಾರ್ಕು ಇಡಬೇಡಿ.

ಮೂರನೆಯದು ಗೀಟು ಹಾಕುವ ಹಾಳೆ. ನನ್ನ ಆಯ್ಕೆ ಇದೇ, ಹಾಗಾಗಿ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಪ್ರತಿ ಜೋಡಿಯ ಪಕ್ಕ ಒಬ್ಬ ವಿದ್ಯಾರ್ಥಿ ಮಾತಾಡದೆ ಕೂರುತ್ತಾನೆ. ಅವನ ಕೈಯಲ್ಲಿ ಐದು ಸಾಲಿನ ಹಾಳೆ. ಉತ್ತರ ಗೊತ್ತಿಲ್ಲದ ನಿಜವಾದ ಪ್ರಶ್ನೆ ಕೇಳಿದರೆ ಒಂದು ಗೀಟು. 'ಅಂದ್ರೆ ನೀವು ಹೇಳೋದು ಹೀಗಾ?' ಅಂತ ಎದುರಿನವರ ಮಾತನ್ನು ತಿರುಗಿ ಹೇಳಿದರೆ ಒಂದು. 'ಹೀಗೆ ಮಾಡಿದ್ರೆ ಹೇಗೆ?' ಅಂತ ಹೊಸ ದಾರಿ ಇಟ್ಟರೆ ಒಂದು. ಸರ್ಕಾರಿ ದರ, ಪಕ್ಕದ ಊರಿನ ರೂಢಿ, ಅಳತೆ ಪಟ್ಟಿ ಅಂತ ಹೊರಗಿನ ಆಧಾರ ತಂದರೆ ಒಂದು. ಐದನೆಯ ಸಾಲು ಉಲ್ಟಾ, ಬೈಗುಳ, ವ್ಯಂಗ್ಯ, 'ನಿಮ್ಮಂಥವರು' ಅನ್ನುವ ಮಾತು ಬಂದರೆ ಅಲ್ಲಿ ಗೀಟು. ಅಷ್ಟೇ. 'ಆತ್ಮವಿಶ್ವಾಸ', 'ನಾಯಕತ್ವ ಗುಣ' ಅನ್ನುವ ಸಾಲು ಹಾಕಬೇಡಿ. ಅವು ಕಣ್ಣಿಗೆ ಕಾಣೋದಿಲ್ಲ. ಕೊನೆಗೆ ಜೋರು ಗಂಟಲಿನವರಿಗೆ ಮಾರ್ಕು ಹೋಗುತ್ತದೆ.

ಪ್ರಶ್ನೆಗೆ ಮೊದಲ ಸಾಲು ಕೊಟ್ಟದ್ದು ಸುಮ್ಮನೆ ಅಲ್ಲ. 1970ರ ದಶಕದಲ್ಲಿ ನೀಲ್ ರ‍್ಯಾಕ್‌ಹ್ಯಾಮ್ ಮತ್ತು ಜಾನ್ ಕಾರ್ಲೈಲ್ ನುರಿತ ಸಂಧಾನಕಾರರು ಕೆಲಸ ಮಾಡುವಲ್ಲೇ ಕೂತು ಹೀಗೇ ಎಣಿಸಿದರು. ನುರಿತವರು ಸಾಧಾರಣದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಪ್ರಶ್ನೆ ಕೇಳುತ್ತಿದ್ದರು. ನನ್ನ ತರಗತಿಯ ಸೊನ್ನೆ ಮಾರ್ಕಿನ ಹುಡುಗಿಗೆ ಈ ಹಾಳೆ ಇದ್ದಿದ್ದರೆ ಮೊದಲ ಸಾಲು ತುಂಬಿ ಹೋಗುತ್ತಿತ್ತು.

ಹಾಳೆ ಸರಿಯಿದೆಯೋ ಅಂತ ನೋಡೋಕೆ ಒಂದು ಉಪಾಯ. ಒಂದೇ ಜೋಡಿಗೆ ಇಬ್ಬರನ್ನು ಕೂರಿಸಿ, ಬೇರೆ ಬೇರೆ ಗೀಟು ಹಾಕಿಸಿ. ಒಬ್ಬನಿಗೆ ಒಂಬತ್ತು ಪ್ರಶ್ನೆ, ಇನ್ನೊಬ್ಬನಿಗೆ ಎಂಟು ಕಂಡರೆ ಪರವಾಗಿಲ್ಲ. ಒಂಬತ್ತು ಮತ್ತು ಎರಡು ಆದರೆ ಪ್ರಶ್ನೆ ಅಂದರೆ ಏನು ಅಂತ ಅವರಿಬ್ಬರಿಗೆ ನೀವು ಸರಿಯಾಗಿ ಹೇಳಿಲ್ಲ. 'ನೀವ್ಯಾಕೆ ಸುಳ್ಳು ಹೇಳ್ತೀರಿ?' ಅನ್ನೋದೂ ಪ್ರಶ್ನೆಯೇ ಅಂತ ಒಬ್ಬ ಗೀಟು ಹಾಕಿದ್ದ. ಗೀಟು ಹಾಕುತ್ತಾ ಕೂತವನು ನೋಡಿಯೂ ಕಲಿಯುತ್ತಾನೆ. ಅದು ಬೋನಸ್ಸು.

ಡೈರಿ ಬರೆಸೋದು ಇನ್ನೊಂದು. 'ಇವತ್ತು ನಾನು ಎಲ್ಲಿ ಎಡವಿದೆ' ಅಂತ ಅರ್ಧ ಪುಟ. ಬರೆಸಿ, ಓದಿ, ಆದರೆ ಮಾರ್ಕು ಬೇಡ. ಮಾರ್ಕು ಇಟ್ಟ ತಕ್ಷಣ ಎಲ್ಲರೂ 'ತುಂಬಾ ಕಲಿತೆ ಸರ್' ಅಂತ ಬರೆಯುತ್ತಾರೆ.

ಪ್ರಶ್ನಾವಳಿಗಳ ಬಗ್ಗೆ ಸಣ್ಣದಾಗಿ. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ 1974ರಲ್ಲಿ ಮಾಡಿದ್ದು ಪ್ರಸಿದ್ಧ. 30 ಜೋಡಿ ವಾಕ್ಯ, ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. ಜಗಳ ಬಂದಾಗ ನೀವು ಪಟ್ಟು ಹಿಡಿಯುವವರೋ, ಸೇರಿ ದಾರಿ ಹುಡುಕುವವರೋ, ಅರ್ಧರ್ಧ ಮಾಡುವವರೋ, ತಪ್ಪಿಸಿಕೊಳ್ಳುವವರೋ, ಬಿಟ್ಟುಕೊಡುವವರೋ ಅಂತ ಹೇಳುತ್ತದೆ. ಮೊದಲ ದಿನ ಮಾತು ಶುರುಮಾಡೋಕೆ ಚೆನ್ನ. ಅದರಲ್ಲಿ ಸರಿ ತಪ್ಪು ಇಲ್ಲ, ಹಾಗಾಗಿ ಮಾರ್ಕಿನ ಮಾತೇ ಬರೋದಿಲ್ಲ. ಆದರೂ ಕೆಲವರು ಕೊಡುತ್ತಾರೆ!

ಇನ್ನು ತರಬೇತಿ ಮುಗಿದ ದಿನ ತುಂಬಿಸುವ ಅಭಿಪ್ರಾಯದ ಫಾರ್ಮು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿ ಅಳೆಯೋಕೆ ನಾಲ್ಕು ಮೆಟ್ಟಿಲು ಹೇಳಿದ್ದರು. ಇಷ್ಟವಾಯಿತಾ, ಕಲಿತರಾ, ನಡವಳಿಕೆ ಬದಲಾಯಿತಾ, ಕೆಲಸದಲ್ಲಿ ಫಲ ಸಿಕ್ಕಿತಾ. ನಮ್ಮ ಫಾರ್ಮುಗಳು ಮೊದಲ ಮೆಟ್ಟಿಲಿನ ಮೇಲೇ ಕೂತಿವೆ. ಊಟಕ್ಕೆ ಪಾಯಸ ಇದ್ದ ದಿನ 'ತರಬೇತಿ ಅತ್ಯುತ್ತಮ' ಜಾಸ್ತಿ ಬರುತ್ತದೆ, ನಾನೇ ಕಂಡಿದ್ದೇನೆ.

ಮೂರನೆಯ ಮೆಟ್ಟಿಲಿಗೆ ಏರೋಕೆ ದುಡ್ಡು ಬೇಡ, ಫೋನು ಸಾಕು. ಮೂರು ತಿಂಗಳಾದ ಮೇಲೆ ಕರೆ ಮಾಡಿ. 'ಕಲಿತದ್ದು ಉಪಯೋಗ ಆಯ್ತಾ?' ಅಂತ ಕೇಳಿದರೆ ಹೌದು ಅಂತಲೇ ಅನ್ನುತ್ತಾರೆ, ಪಾಪ. ಹಾಗೆ ಕೇಳಬೇಡಿ. 'ಹೋದ ತಿಂಗಳು ಯಾರ ಜೊತೆಯಾದ್ರೂ ತಕರಾರು ಆಯ್ತಾ? ಏನು ಮಾತಾಡಿದ್ರಿ, ಹೇಳಿ' ಅಂತ ಕೇಳಿ ಸುಮ್ಮನಿರಿ. ಹೇಳುವ ಕಥೆಯಲ್ಲಿ 'ಅವರಿಗೆ ಯಾಕೆ ಬೇಕು ಅಂತ ಕೇಳ್ದೆ' ಅನ್ನುವ ಸಾಲು ಬಂತೋ ಇಲ್ಲವೋ ನೋಡಿ.

ಯಾರಿಗೆ ಯಾವುದು

ಅರವತ್ತು ವಿದ್ಯಾರ್ಥಿಗಳು, ವಾರಕ್ಕೆ ಎರಡು ಗಂಟೆ ಇದ್ದರೆ: ಒಂದು ಪಾಠ, ಎರಡು ಕಥೆ ಹೋಲಿಕೆ, ಮೂರು ಸಲ ಆಟ, ಗೀಟು ಹಾಳೆಯ ಮೇಲೆ ಅರ್ಧಕ್ಕಿಂತ ಜಾಸ್ತಿ ಮಾರ್ಕು. ಅಷ್ಟು ಜನರಿಗೆ ಒಬ್ಬರೇ ಮಾರ್ಕು ಹಾಕೋಕೆ ಆಗೋದಿಲ್ಲ, ಹಾಗಾಗಿ ಗೀಟು ಹಾಕೋದನ್ನು ಅವರಿಗೇ ಕಲಿಸಿ.

ಸ್ವಸಹಾಯ ಸಂಘದವರಿಗೆ ಒಂದೇ ದಿನ ಸಿಗೋದಾದರೆ ಪಾಠ ಪೂರ್ತಿ ಬಿಡಿ. ಅವರಲ್ಲೇ ಒಬ್ಬರು ಚೆನ್ನಾಗಿ ಜಗಳ ಬಿಡಿಸುವವರು ಇರುತ್ತಾರೆ, ಊರಿಗೆಲ್ಲ ಗೊತ್ತಿರುತ್ತದೆ. ಅವರನ್ನು ನಡುವೆ ಕೂರಿಸಿ, ಒಂದು ಜಗಳ ಕೊಟ್ಟು, ಉಳಿದವರು ಸುತ್ತ ಕೂತು ನೋಡಲಿ. ನಂತರ ಎಲ್ಲರೂ ಆಡಲಿ. ಪರೀಕ್ಷೆ ಬೇಡ, ಮೂರು ತಿಂಗಳ ಫೋನು ಸಾಕು.

ಸೊಸೈಟಿಯ ಸಿಬ್ಬಂದಿಗೆ, ಮೀನುಗಾರರ ಸಂಘದ ಪದಾಧಿಕಾರಿಗಳಿಗೆ ಆಟ ಅವರದೇ ಜಗಳದ ಮೇಲೆ ಬೇಡ. ಲೈಟ್ ಫಿಶಿಂಗ್, ಅಂದರೆ ರಾತ್ರಿ ದೀಪ ಹಾಕಿ ಮೀನು ಹಿಡಿಯುವ, ವಿಷಯದ ಆಟಕ್ಕೆ ದೊಡ್ಡ ಬಲೆಯ ಪರ್ಸೀನ್ ಬೋಟಿನವರನ್ನೂ ಸಣ್ಣ ಪಾತಿ ದೋಣಿಯವರನ್ನೂ ಕೂರಿಸಿದರೆ ಚೀಟಿ ಅತ್ತ ಬಿದ್ದು ನಿಜವಾದ ಜಗಳ ಶುರುವಾಗುತ್ತದೆ. ಕರಾವಳಿಯವರಿಗೆ ಸೊಪ್ಪಿನಬೆಟ್ಟದ ಆಟ ಕೊಡಿ, ಘಟ್ಟದವರಿಗೆ ಗಜನಿಯದು. ಪರಊರಿನ ಜಗಳದಲ್ಲಿ ತಲೆ ತಣ್ಣಗಿರುತ್ತದೆ.

ಕೋರ್ಟಿನ ಮಧ್ಯಸ್ಥಗಾರರಾಗಬೇಕು ಅನ್ನುವವರಿಗೆ ಇದ್ಯಾವುದೂ ಸಾಲೋದಿಲ್ಲ. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ಗೊತ್ತುಮಾಡಿದ 40 ಗಂಟೆಯ ತರಬೇತಿ ಬೇರೆಯೇ ಇದೆ, ಅವರು ಅಲ್ಲಿಗೇ ಹೋಗಲಿ.

ದಿನ ಗೊತ್ತುಮಾಡುವಾಗ ಕ್ಯಾಲೆಂಡರ್ ನೋಡಿಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಗೊನೆ ಕೊಯ್ಲಿನ ತಿಂಗಳುಗಳಲ್ಲಿ ಕರೆದರೆ ಯಾರೂ ಬರೋದಿಲ್ಲ. ಕರಾವಳಿಯ ಮೀನುಗಾರರಿಗಾದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ, ಆಗ ಕರೆಯಿರಿ. ಮಳೆ ಜೋರಿರುತ್ತದೆ, ಕರೆಂಟ್ ಇರೋದಿಲ್ಲ, ಪ್ರೊಜೆಕ್ಟರ್ ನಂಬಬೇಡಿ. ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯಿರಿ.